ಬೆನ್ನು ತಿರುಗಿಸಿ ಕೇಳುತ್ತಿದ್ದವರು

ಮೇಷ್ಟ್ರ ಮುಖಕ್ಕಿಂತ ಅವರ ಬೆನ್ನು ನನಗೆ ಚೆನ್ನಾಗಿ ನೆನಪಿದೆ. ಅಗಲವಾದ ಬೆನ್ನು. ಮದುವೆ ಬ್ಯಾಂಡಿನ ಕೆಂಪು ಕೋಟು ತೊಟ್ಟರೆ ಹೊಲಿಗೆ ಬಿಟ್ಟುಕೊಳ್ಳುವಷ್ಟು ಅಗಲ. ಯಾರಾದರೂ ಹಳೆಯ ವಾದ್ಯವೊಂದನ್ನು ತಂದು, 'ಇದು ಹೆಂಗೈತೆ ಒಸಿ ನೋಡಿ ಮೇಷ್ಟ್ರೇ' ಅಂದರೆ ಅವರು ನೋಡುತ್ತಲೇ ಇರಲಿಲ್ಲ. 'ಊದು' ಅನ್ನುವರು. ಆಮೇಲೆ ಗೋಡೆಯ ಕಡೆ ತಿರುಗಿ, ಕೈ ಹಿಂದೆ ಕಟ್ಟಿಕೊಂಡು ನಿಂತುಬಿಡುವರು. ತಂದವನು ಊದಬೇಕು, ಅವರು ಗೋಡೆ ನೋಡುತ್ತಾ ಕೇಳಬೇಕು. ಕಣ್ಣಿಗೆ ಹೊಳಪು ಕಾಣುತ್ತದೆ, ಹೊಳಪು ಕಂಡರೆ ಕಿವಿ ಕೆಡುತ್ತದೆ ಅನ್ನುವುದು ಅವರ ವಾದ. ಕೊನೆಗೆ ತಿರುಗಿ ಒಂದೇ ಮಾತು: 'ಜೀವ ಐತೆ' ಇಲ್ಲವೇ 'ಸತ್ತೋಗೈತೆ.'

ಹೋದ ತಿಂಗಳು ಅವರೇ ಹೋದರು. ನಮ್ಮ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ ಚಿಕ್ಕಣ್ಣ ಫೋನು ಮಾಡಿ, 'ಮೇಷ್ಟ್ರು ಹೊಂಟೋದ್ರು ಕಣ್ಲಾ, ಮಣ್ಣಿಗೆ ಬತ್ತೀಯಾ?' ಅಂದ. 'ಶಿಫ್ಟ್ ಐತೆ' ಅಂದೆ. ಶಿಫ್ಟ್ ಇರಲಿಲ್ಲ. ಅವರ ಮೇಲೆ ನನಗೆ ಅಷ್ಟು ಸಿಟ್ಟಿತ್ತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ.

ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ನಮ್ಮ ಬ್ಯಾಂಡಿನ ಕೋಣೆ. ಪಕ್ಕದಲ್ಲಿ ಗೂಡು ಬೇಯಿಸುವವರು. ಆ ವಾಸನೆಯಲ್ಲಿ ಉಸಿರು ಎಳೆದುಕೊಂಡು ಟ್ರಂಬೋನ್ ಕಲಿತವನು ಲೋಕದಲ್ಲಿ ಎಲ್ಲಿ ಬೇಕಾದರೂ ಊದಬಲ್ಲ ಎಂದು ಮೇಷ್ಟ್ರು ನಗುತ್ತಿದ್ದರು. ನಾನು ಮಾಗಡಿ ತಾಲ್ಲೂಕಿನ ಕಲ್ಯದವನು. ರಾಗಿ ಬೆಳೆಯುವ ಮನೆ. ನಮ್ಮಪ್ಪನಿಗೆ ನನ್ನ ಊದಾಟ ಹಿಡಿಸುತ್ತಿರಲಿಲ್ಲ. 'ಗೇಯೋದು ಬುಟ್ಟು ಪೀಪಿ ಊದ್ತಾನೆ' ಅಂತ ಬಂದವರ ಮುಂದೆಲ್ಲ ಗೊಣಗುತ್ತಿದ್ದರು. ಅವ್ವ ಮಾತ್ರ ಸುಮ್ಮನಿರುತ್ತಿದ್ದಳು. ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಹೋಗಿ ಒಂದು ಬ್ಯಾಂಡಿನಲ್ಲಿ ಟ್ರಂಬೋನ್ ಊದಿ, ಮದುವೆಯೂ ಆಗದೆ ಬೇಗ ತೀರಿಕೊಂಡಿದ್ದ. ಅವನ ಗುಣ ನನಗೆ ಬಂದಿದೆ ಅನ್ನುವುದು ಅವಳ ಒಳಗಿನ ಸಂತೋಷ.

ಟ್ರಂಬೋನ್ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಬೇರೆ ವಾದ್ಯಗಳಿಗೆ ಗುಂಡಿಗಳಿರುತ್ತವೆ, ಇದಕ್ಕೆ ಇರುವುದು ಹಿಂದೆ ಮುಂದೆ ಜಾರುವ ಕೊಳವೆ. ನಾವು ಅದನ್ನು ಸ್ಲೈಡು ಅನ್ನುತ್ತೇವೆ. ಒಳಗಿನ ಕೊಳವೆಯ ಮೇಲೆ ಹೊರಗಿನ ಕೊಳವೆ ಕೂದಲೆಳೆಯ ಸಂದೂ ಇಲ್ಲದೆ ಓಡಾಡಬೇಕು. ಈಗ ಬರುವ ಟ್ರಂಬೋನುಗಳ ಕೊಳವೆ ದಪ್ಪ. ಹಳೆಯವು ಸಣ್ಣ ತೂತಿನವು. ವ್ಯತ್ಯಾಸ ತಿಳಿಯಲಿ ಎಂದು ಮೇಷ್ಟ್ರು ಹಿತ್ತಲಿನ ಪರಂಗಿ ಗಿಡದಿಂದ ಎರಡು ಎಲೆ ಕಿತ್ತು, ಒಂದು ದಪ್ಪ ದಂಟು, ಒಂದು ತೆಳು ದಂಟು ಕೊಟ್ಟು ಊದಿಸುತ್ತಿದ್ದರು.

'ದಪ್ಪುಂದ್ರಲ್ಲಿ ನೀನು ಎಷ್ಟು ಊದುದ್ರೂ ಹಿಡಿಸ್ಕತದೆ. ತಪ್ಪು ಮಾಡುದ್ರೂ ಮುಚ್ಚಾಕ್ತದೆ. ಈ ಸಣ್ಣುದೈತಲ್ಲ, ಇದು ಚಾಡಿಕೋರ. ನಿನ್ನೊಳಗೆ ಏನೈತೋ ಅದ್ನೆಲ್ಲ ಬೀದೀಲಿ ಹೇಳ್ಬುಡ್ತದೆ.'

ಸಣ್ಣ ತೂತಿನ ಟ್ರಂಬೋನಿನ ಸ್ವರ ಮೆರವಣಿಗೆಯಲ್ಲಿ ಡ್ರಮ್ಮು, ಪಟಾಕಿ, ಜನರೇಟರು ಎಲ್ಲವನ್ನೂ ಸೀಳಿಕೊಂಡು ಮುಂದಿನ ಬೀದಿಗೆ ಹೋಗುತ್ತದೆ. ಆದರೆ ಅದನ್ನು ಗದರಿಸಿ ಊದಿದರೆ ಚೀರುತ್ತದೆ. ಒಂದು ಅಳತೆ ಬೇಕು. ಆ ಅಳತೆ ಮೇಷ್ಟ್ರಿಗೆ ಒಲಿದಿತ್ತು. ಅದನ್ನು ನಾನು ಇಲ್ಲ ಅನ್ನಲಾರೆ.

ಅವರ ಹೆಂಡತಿಗೆ ಆ ಸ್ಲೈಡಿನ ಮೇಲೆ ಸವತಿಯ ಮೇಲಿನಷ್ಟು ಹೊಟ್ಟೆಕಿಚ್ಚು. ಮೇಷ್ಟ್ರು ಎಣ್ಣೆ ಹಾಕುತ್ತಿರಲಿಲ್ಲ. ಹೆಂಡತಿ ಚಳಿಗಾಲಕ್ಕೆಂದು ತಂದಿಟ್ಟ ಮುಖದ ಕ್ರೀಮನ್ನು ಬೆರಳ ತುದಿಯಲ್ಲಿ ತೆಗೆದು, ಸ್ಲೈಡಿಗೆ ನಯವಾಗಿ ಸವರಿ, ಮೇಲೆ ನೀರು ಚಿಮುಕಿಸುತ್ತಿದ್ದರು. 'ನನ್ ಮಖ ಒಡ್ದು ರಕ್ತ ಬತ್ತಾ ಐತೆ, ಅದ್ರ ಮಖ ನೋಡಪ್ಪ ಹೆಂಗೆ ಹೊಳೀತೈತೆ!' ಅಂತ ಆ ಅಮ್ಮ ನಮಗೆಲ್ಲ ತೋರಿಸಿ ಬೈಯುತ್ತಿದ್ದರು. ಬೈದುಕೊಂಡೇ ಎಲ್ಲರಿಗೂ ಕಾಫಿ ಕೊಡುತ್ತಿದ್ದರು.

ಮೇಷ್ಟ್ರ ಹತ್ತಿರ ಇನ್ನೊಂದು ವಸ್ತುವಿತ್ತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಒಬ್ಬರಿಂದ ಮಾಡಿಸಿದ ಎರಡು ಬೂಚು. ಕೆಂಪು ಅರಗಿನ ಬಣ್ಣ, ಉಗುರು ಸೋಕಿದರೆ ಜಾರುವಷ್ಟು ನುಣುಪು. ಸ್ಲೈಡಿನ ಮೇಲಿನ ಎರಡು ಬಾಯಿಗೂ ಈ ಬೂಚು ಬಿಗಿದು, ಸ್ಲೈಡನ್ನು ನೆಟ್ಟಗೆ ಹಿಡಿದು ಹೊರಗಿನ ಕೊಳವೆಯನ್ನು ಬಿಟ್ಟರೆ, ಅದು ಬೀಳದೆ ಒಳಗಿನ ಗಾಳಿಯ ಹಿಡಿತದಲ್ಲೇ ತೂಗಾಡಬೇಕು. ಸುರ್ರನೆ ಜಾರಿ ಬಿದ್ದರೆ ಗಾಳಿ ಸೋರುತ್ತಿದೆ ಅಂತ. ಸೋರುವ ವಾದ್ಯಕ್ಕೆ ಊದಿದ್ದೆಲ್ಲ ದಂಡ. ಈ ಪರೀಕ್ಷೆ ಅವರು ಎಲ್ಲರ ಮುಂದೆ ಮಾಡುತ್ತಿರಲಿಲ್ಲ. ಬೂಚುಗಳನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ನಮಗೆ ಆ ಬೆನ್ನಿನ ತೀರ್ಪೇ ಸಾಕಾಗಿತ್ತು.

ಸತ್ತಿದೆ ಅಂತ ತೀರ್ಪು ಬಂದ ವಾದ್ಯವನ್ನು ಮನೆಗೆ ಒಯ್ಯಬಾರದು, ಅದು ಕಿಟಕಿ ಕೆಳಗಿನ ಟ್ರಂಕಿಗೆ ಹೋಗಬೇಕು. ಇದು ನಮ್ಮ ಬ್ಯಾಂಡಿನ ರೂಢಿ. ಅದರ ಕೊಳವೆ ಇದಕ್ಕೆ, ಇದರ ಸ್ಪ್ರಿಂಗು ಅದಕ್ಕೆ ಅಂತ ಬದುಕಿರುವ ವಾದ್ಯಗಳಿಗೆ ಉಪಯೋಗವಾಗುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಎರಡನೆಯ ಮಾತು ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹಾರೋಹಳ್ಳಿ ಕಡೆ ಕೈಗಾರಿಕಾ ಪ್ರದೇಶದಲ್ಲಿ ಒಂದೊಂದೇ ಶೆಡ್ಡು ಏಳುತ್ತಿತ್ತು. ನಮ್ಮ ಬ್ಯಾಂಡಿನ ಸಾಲಿನಲ್ಲಿ ಒಂದೊಂದೇ ಆಳು ಕಮ್ಮಿಯಾಗುತ್ತಿತ್ತು. ಕ್ಲಾರಿನೆಟ್ಟಿನವನು ಹೋದ, ತಾಳ ಹಾಕುತ್ತಿದ್ದವನು ಹೋದ. ಬೆಳಿಗ್ಗೆ ಕಾರ್ಖಾನೆಯ ವ್ಯಾನು ಬಂದು ಹಳ್ಳಿ ಹಳ್ಳಿಯ ಹುಡುಗರನ್ನು ತುಂಬಿಕೊಂಡು ಹೋಗುತ್ತಿತ್ತು. ಅಲ್ಲಿ ಮೊದಲ ತಂಡದಲ್ಲೇ ಸೇರಿದ್ದ ನಮ್ಮ ಭಾವ ನನಗೂ ಒಂದು ಕೆಲಸ ಗೊತ್ತು ಮಾಡಿದರು. ಪರ್ಮನೆಂಟು. ಯೂನಿಫಾರಮ್ಮು, ಕ್ಯಾಂಟೀನು, ಎಲ್ಲ ಇತ್ತು. 'ಸೋಮವಾರ ಬಂದ್ಬುಡು' ಅಂದರು. ನಾನು ಮೇಷ್ಟ್ರನ್ನು ಒಂದು ಮಾತು ಕೇಳಿ ಹೋಗೋಣ ಅಂತ ರಾಮನಗರಕ್ಕೆ ಬಂದೆ.

ಮೇಷ್ಟ್ರು ಟ್ರಂಬೋನಿನ ಕೊಳವೆಯೊಳಕ್ಕೆ ರೇಷ್ಮೆ ಬಟ್ಟೆ ಎಳೆಯುತ್ತಿದ್ದರು. ಎಳೆಯುವುದನ್ನು ನಿಲ್ಲಿಸಲಿಲ್ಲ.

'ಹೋಗು. ಯಾರು ಬ್ಯಾಡ ಅಂದೋರು? ಆದ್ರೆ ಒಂದು ಹೇಳ್ತೀನಿ. ಈ ಕೋಣೇಲಿ ಎಷ್ಟೋ ಜನ ಊದವ್ರೆ. ನನ್ನಂಗೆ ಊದೋನು ಅಂತಿದ್ರೆ ನೀನೊಬ್ನೇ ಕಣ್ಲಾ. ನನ್ನಾದ್ಮೇಲೆ ಮುಂದ್ಗಡೆ ನಿಲ್ಲೋನು ನೀನೇ. ಆ ಉಸ್ರನ್ನ ತಗೊಂಡೋಗಿ ಮಿಷನ್ ಮುಂದೆ ಇಟ್ಟೀಯಾ?'

ಇಂಥ ಮಾತು ಕೇಳಿದ ಮೇಲೆ ಯಾವನು ಹಾರೋಹಳ್ಳಿ ಬಸ್ಸು ಹತ್ತುತ್ತಾನೆ? ನಾನು ಹತ್ತಲಿಲ್ಲ. ಓಣಿಯುದ್ದಕ್ಕೂ ನೆಲದ ಮೇಲೆ ಕಾಲಿಡದ ಹಾಗೆ ನಡೆದುಕೊಂಡು ಹೋದೆ. ಭಾವ ಸಿಟ್ಟಾಗಿ ಮಾತು ಬಿಟ್ಟರು. ಅಪ್ಪ ಊಟ ಬಿಟ್ಟರು. ಅವ್ವ ಮಾತ್ರ ಮೇಷ್ಟ್ರು ಏನಂದರು ಅಂತ ನನ್ನ ಬಾಯಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಆಮೇಲೆ ಅಟ್ಟ ಹತ್ತಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಗಂಟು ಇಳಿಸಿದಳು.

'ನಿಮ್ಮಾವಂದು. ನಿನಗೆ ಕೊಡೋ ಕಾಲ ಬತ್ತದೆ ಅಂತ ಇಟ್ಟಿದ್ದೆ.'

ಸಣ್ಣ ತೂತಿನ ಹಳೆಯ ಟ್ರಂಬೋನು. ಮುಂದಿನ ಅರಳಿದ ಬಾಯಿ ಒಂದು ಗೇಣಷ್ಟೂ ಇಲ್ಲ. ಬೆಳ್ಳಿ ಬಣ್ಣದ ಲೇಪ ಅಲ್ಲಲ್ಲಿ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಬಾಯಿಯ ಅಂಚಿನಲ್ಲಿ ಒಂದು ತಗ್ಗು. ಅವ್ವ ಚಿಕ್ಕವಳಿದ್ದಾಗ ಅಣ್ಣ ಇಲ್ಲದ ಹೊತ್ತಿನಲ್ಲಿ ಅದನ್ನು ತಲೆಯ ಮೇಲೆ ಟೋಪಿಯ ಹಾಗೆ ಇಟ್ಟುಕೊಂಡು ಕುಣಿಯಲು ಹೋಗಿ ಬೀಳಿಸಿದ್ದಳಂತೆ. 'ಒಂದೇಟೂ ಹೊಡೀಲಿಲ್ಲ ಕಣ್ ಮಗ ನಮ್ಮಣ್ಣ. ನನ್ ತಲೆ ಮುಟ್ಟಿ ನೋಡ್ದ, ಆಮೇಲೆ ಅದ ಮುಟ್ಟಿ ನೋಡ್ದ' ಅಂತ ಆ ತಗ್ಗಿನ ಮೇಲೆ ಬೆರಳಾಡಿಸಿದಳು.

ಮಾರನೆಯ ದಿನವೇ ಮೇಷ್ಟ್ರ ಕೋಣೆಗೆ ಒಯ್ದೆ. ಎಲ್ಲರೂ ಇದ್ದರು. 'ಊದು' ಅಂದರು. ತಿರುಗಿ ನಿಂತರು. ಊದಿದೆ. ಮೊದಲು ಬರೀ ಗಾಳಿ ಬಂತು. ಆಮೇಲೆ ಒಂದು ಸ್ವರ ಮೇಲೆದ್ದು ಒಂದು ಗಳಿಗೆ ನಿಂತಿತು. ನನ್ನ ಮೈ ಜುಮ್ಮೆಂದಿತು. 'ಮೇಲಕ್ಕೋಗು' ಅಂದರು. ಹೋದೆ, ಒಡೆಯಿತು. 'ಇನ್ನೊಂದ್ಸಲ.' ಮತ್ತೆ ಒಡೆಯಿತು. ಆ ಬೆನ್ನು ಎಂದಿಗಿಂತ ಹೆಚ್ಚು ಹೊತ್ತು ಗೋಡೆಯ ಕಡೆಗೇ ಇತ್ತು. ಕೊನೆಗೆ ತಿರುಗಿದರು.

'ಸತ್ತೋಗೈತೆ ಕಣ್ಲಾ.'

ಕೈಯಲ್ಲಿ ಮುಟ್ಟಿಯೂ ನೋಡಲಿಲ್ಲ. ನಾನು ಅದನ್ನು ಅವ್ವನ ಸೀರೆಯ ಸಮೇತ ಟ್ರಂಕಿನಲ್ಲಿಟ್ಟು ಬಂದೆ. ಮನೆಯಲ್ಲಿ ಅವ್ವ, 'ಹಂಗಂದ್ರಾ?' ಅಂದಳು. ಆಮೇಲೆ, 'ತಿಳ್ದೋರು ಅಂದ ಮೇಲೆ ಆಯ್ತು' ಅಂದಳು. ಆದರೆ ನಾನು ರಾಮನಗರಕ್ಕೆ ಹೊರಟಾಗಲೆಲ್ಲ, 'ಅದರದ್ದೇನಾದ್ರೂ ಒಂದು ಚೂರು ಮಿಕ್ಕಿದ್ರೆ ತತ್ತೀಯಾ?' ಅಂತ ಕೇಳುವುದು ಬಿಡಲಿಲ್ಲ.

ಒಳ್ಳೆ ಮುಹೂರ್ತದ ದಿನಗಳಲ್ಲಿ ನಮ್ಮ ಬ್ಯಾಂಡು ಎರಡು ಭಾಗವಾಗುತ್ತಿತ್ತು. ಆಮೇಲಾಮೇಲೆ ಮೇಷ್ಟ್ರು ನನ್ನನ್ನು ಯಾವಾಗಲೂ ಮಾಗಡಿ, ಕನಕಪುರದ ಕಡೆ ಕಳಿಸಿ ತಾವು ಚನ್ನಪಟ್ಟಣದ ಕಡೆ ಹೋಗತೊಡಗಿದರು. 'ಆ ಕಡೆ ನೀನೇ ಮೇಷ್ಟ್ರು' ಅನ್ನುವರು. ನಾನು ಉಬ್ಬಿಹೋಗುತ್ತಿದ್ದೆ. ಚನ್ನಪಟ್ಟಣದ ಕಡೆಯಿಂದ ಬಂದವರು, 'ನಿಮ್ಮ ಮೇಷ್ಟ್ರ ಊದೋದೇ ಬದಲಾಗೈತಲ್ಲಪ್ಪ, ಏನು ಸ್ವರ ಅದು!' ಅಂದರೂ ನನಗೆ ಏನೂ ಹೊಳೆಯಲಿಲ್ಲ.

ಮುಂದಿನ ವರ್ಷ ಕೆಂಗಲ್ಲಿನಲ್ಲಿ ನಮ್ಮ ನೆಂಟರ ಮದುವೆ. ಬ್ಯಾಂಡಿಗೆ ರಜ ಹಾಕಿ, ಪಂಚೆ ಉಟ್ಟು, ಅವ್ವನನ್ನು ಕರೆದುಕೊಂಡು ಹೋದೆ. ಹೆಣ್ಣಿನ ಕಡೆಯವರು ನಮ್ಮ ಬ್ಯಾಂಡನ್ನೇ ಗೊತ್ತು ಮಾಡಿದ್ದು ನನಗೂ ತಿಳಿದಿರಲಿಲ್ಲ, ನಾನು ಅಲ್ಲಿರುವುದು ಮೇಷ್ಟ್ರಿಗೂ ತಿಳಿದಿರಲಿಲ್ಲ. ಆಂಜನೇಯನ ಗುಡಿಯ ಕಡೆಯಿಂದ ಮೆರವಣಿಗೆ ಬರುತ್ತಿತ್ತು. ಹೆದ್ದಾರಿಯ ಲಾರಿಗಳ ಹಾರನ್ನಿನ ನಡುವೆ ಒಂದು ಸ್ವರ ಕೇಳಿತು. ಒಂದು ಕಡೆಯೂ ಒಡೆಯದೆ, ಮೇಲೆ ಹೋದಷ್ಟೂ ತೆಳುವಾಗುತ್ತ, ಅಷ್ಟು ಗದ್ದಲದಲ್ಲೂ ಮಾತಾಡುವಷ್ಟು ಸಲೀಸಾಗಿ ಬರುತ್ತಿತ್ತು. ನನಗೆ ಅಳು ಬರುವಷ್ಟು ಚೆನ್ನಾಗಿತ್ತು. ಪಕ್ಕ ನೋಡಿದರೆ ಅವ್ವ ಇಲ್ಲ. ಹೆಂಗಸರ ಗುಂಪನ್ನು ಸರಿಸಿಕೊಂಡು ಅವಳು ಬ್ಯಾಂಡಿನ ಮುಂದಕ್ಕೆ ಹೋಗಿಬಿಟ್ಟಿದ್ದಳು. ಟ್ರಂಬೋನಿನ ಅಂಚಿನ ತಗ್ಗು ಬಿಸಿಲಿಗೆ ಮಿನುಗುತ್ತಿತ್ತು.

'ಇದು ನಮ್ಮಣ್ಣಂದು. ಸತ್ತೋಗೈತೆ ಅಂದ್ರಂತಲ್ಲ ಮೇಷ್ಟ್ರೇ ನೀವು?'

ಮೇಷ್ಟ್ರು ಊದುವುದನ್ನು ನಿಲ್ಲಿಸಿ ತುಟಿ ಒರೆಸಿಕೊಂಡರು. 'ಸತ್ತೇ ಇತ್ತು ಕಣವ್ವ.'

'ಸತ್ತಿರೋದು ಹಿಂಗೆ ಹಾಡ್ತದಾ?'

ಮೇಷ್ಟ್ರು ಟ್ರಂಬೋನನ್ನು ಎರಡೂ ಕೈಯಲ್ಲಿ ಅವ್ವನ ಮುಂದೆ ಹಿಡಿದರು. 'ತಗೊಂಡೋಗವ್ವ.' ಅವ್ವ ಕೈ ಚಾಚಿದಳು. ನಾನು ಹಿಂದಿನಿಂದ ಹೋಗಿ ಅವಳ ಕೈ ಹಿಡಿದು ಎಳೆದೆ.

'ಬಾ ಅವ್ವ. ಮೋಸ ಮಾಡ್ದೋರ ಎಂಜಲು ನಮಗ್ಯಾಕೆ?'

ಬ್ಯಾಂಡಿನವರೆಲ್ಲ ಕೇಳಿಸಿಕೊಂಡರು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಅದೇ ಕಡೆಯ ಭೇಟಿ. ಕೆಂಪು ಕೋಟನ್ನು ಚಿಕ್ಕಣ್ಣನ ಕೈಯಲ್ಲಿ ಕಳಿಸಿ, ಭಾವನ ಕಾಲು ಹಿಡಿದು ಹಾರೋಹಳ್ಳಿಗೆ ಹೋದೆ. ಆ ಹೊತ್ತಿಗೆ ಪರ್ಮನೆಂಟು ಅನ್ನುವುದು ಮುಗಿದಿತ್ತು. ಕಾಂಟ್ರಾಕ್ಟಿನಲ್ಲಿ ತೆಗೆದುಕೊಂಡರು. ಈಗಲೂ ಕಾಂಟ್ರಾಕ್ಟೇ. ನನ್ನ ಜಾಗಕ್ಕೆ ಆವತ್ತು ಹೋದವನು ಇವತ್ತು ನನ್ನ ಸೂಪರ್‌ವೈಸರು. ಒಳ್ಳೆಯವನು ಪಾಪ. ಆದರೂ ಅವನು 'ಬಾರಪ್ಪ ಇಲ್ಲಿ' ಅಂದಾಗಲೆಲ್ಲ ನಾನು ಮನಸ್ಸಿನಲ್ಲಿ ಮೇಷ್ಟ್ರನ್ನು ಬೈಯುತ್ತಿದ್ದೆ. ಒಂದು ಹಳೆಯ ಟ್ರಂಬೋನಿಗಾಗಿ ಶಿಷ್ಯನಿಗೇ ಸುಳ್ಳು ಹೇಳಿದ ಮನುಷ್ಯ. ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲ?

ಇಷ್ಟು ವರ್ಷ ಇದನ್ನೇ ನಂಬಿಕೊಂಡಿದ್ದೆ. ಮೇಷ್ಟ್ರ ತಿಥಿ ಕಳೆದ ಮೇಲೆ ಅವರ ಹೆಂಡತಿ ಹೇಳಿ ಕಳಿಸಿದರು, 'ನಿಮ್ಮ ಸಾಮಾನು ಒಂದೈತೆ, ಬಂದು ತಗೊಂಡೋಗಪ್ಪ' ಅಂತ. ಅವ್ವನಿಗೆ ವಯಸ್ಸಾಗಿದೆ, ಅವಳಿಗಾಗಿಯಾದರೂ ತರೋಣ ಎಂದು ಹೋದೆ. ಓಣಿಯಲ್ಲಿ ಗೂಡು ಬೇಯಿಸುವ ವಾಸನೆ ಹಾಗೇ ಇತ್ತು. ಕೋಣೆಯಲ್ಲಿ ಟ್ರಂಕು ಹಾಗೇ ಇತ್ತು. ಅದರ ಮೇಲೆ ಅವ್ವನ ಸೀರೆಯಲ್ಲಿ ಸುತ್ತಿದ ಟ್ರಂಬೋನು, ಪಕ್ಕದಲ್ಲಿ ಎರಡು ಕೆಂಪು ಬೂಚು.

ಪಕ್ಕದಲ್ಲಿ ಕೂತೆ. ಕೈ ತಾನಾಗಿ ಹೋಯಿತು. ಯಾರೂ ಮುಟ್ಟದ ಆ ಬೂಚುಗಳನ್ನು ಸ್ಲೈಡಿನ ಬಾಯಿಗೆ ಬಿಗಿದೆ. ನೆಟ್ಟಗೆ ಹಿಡಿದು ಹೊರಗಿನ ಕೊಳವೆಯ ಮೇಲಿನ ಕೈ ಸಡಿಲಿಸಿದೆ. ಅರೆಗಳಿಗೆಯೂ ನಿಲ್ಲಲಿಲ್ಲ. ಸುರ್ರನೆ ಜಾರಿ ನನ್ನ ತೊಡೆಯ ಮೇಲೆ ಬಿತ್ತು.

'ಬಿದ್ದೇ ಬೀಳ್ತದೆ' ಅಂದರು ಆ ಅಮ್ಮ, ಕಾಫಿ ತಂದಿಡುತ್ತಾ. 'ನೀನು ತಂದುಕೊಟ್ಟ ದಿನಾನೇ ಎಲ್ರೂ ಹೋದ್ಮೇಲೆ ಹಂಗೇ ಕೂತ್ಕಂಡು ನೋಡಿದ್ರು. ಹಿಂಗೇ ಬಿತ್ತು. ನಿಜ್ವಾಗ್ಲೂ ಸತ್ತೋಗೈತೆ ಕಣೆ ಅಂದ್ರು. ಆದ್ರೂ ಬುಡ್ಲಿಲ್ಲ. ಒಂದುಸ್ರು ಊದೋ ಕಡೆ ಎರಡುಸ್ರು ಊದಿ ಅದ್ನ ಮಾತಾಡ್ಸುದ್ರು. ನನ್ ಕ್ರೀಮೆಲ್ಲ ಅದಕ್ಕೇ ಹೋಯ್ತು.'

ಹಾಗಾದರೆ ಸುಳ್ಳು ಹೇಳಿರಲಿಲ್ಲ! ಸೋರುವ ಕೊಳವೆಯಲ್ಲಿ ಆ ಸ್ವರ ಎಬ್ಬಿಸಿದ್ದರು. ಕೆಂಗಲ್ಲಿನ ನಡುರಸ್ತೆಯಲ್ಲಿ ನಾನು ಅಂದ ಮಾತು ಮುಳ್ಳಿನ ಹಾಗೆ ನನಗೇ ಚುಚ್ಚಿತು. ಗೋಡೆಯ ಮೇಲಿನ ಅವರ ಫೋಟೋಕ್ಕೆ ಕೈ ಮುಗಿಯೋಣ ಎಂದು ಎದ್ದೆ.

'ಒಂದ್ ಮಾತು ಹೇಳ್ಬೋದಿತ್ತಲ್ಲಮ್ಮ ನನಗೆ, ಹಿಂಗೆ ಹಿಂಗೆ ಅಂತ. ನಾನೂ ಎರಡುಸ್ರು ಊದ್ತಿದ್ದೆ' ಅಂದೆ.

'ನಾನೂ ಅದ್ನೇ ಕೇಳ್ದೆ ಕಣಪ್ಪ' ಅಂದರು ಆ ಅಮ್ಮ, ಯಾವ ಕಪಟವೂ ಇಲ್ಲದೆ. 'ಆ ಹುಡುಗುಂಗೇ ಊದೋಕೆ ಯೋಳಿ, ಅವ್ರಮ್ಮಂಗೆ ಖುಷಿಯಾಯ್ತದೆ ಅಂದೆ. ಅವನ ಕೈಲಾಗಲ್ಲ ಕಣೆ, ಅವನ ಉಸ್ರು ಮೊದ್ಲಿಂದ್ಲೂ ಒಸಿ ಕಮ್ಮಿ, ದಪ್ಪ ತೂತಿಂದ್ರಲ್ಲಿ ಹೆಂಗೋ ನಡೀತೈತೆ ಅಂದ್ರು.'

'ಮೊದ್ಲಿಂದ್ಲೂನಾ?'

'ಹೂಂ, ನೀನು ಸೇರ್ದಾಗ್ಲಿಂದ್ಲೂ ಅಂತಿದ್ರು.'

'ಮತ್ತೆ ನನ್ನಂಗೆ ಊದೋನು ನೀನೊಬ್ನೇ ಅಂದಿದ್ರಲ್ಲಮ್ಮ. ನನ್ನಾದ್ಮೇಲೆ ನೀನೇ ಅಂತ.'

ಆ ಅಮ್ಮ ನಕ್ಕರು. ಗಂಡನ ಚೇಷ್ಟೆಯೊಂದು ನೆನಪಾದವರ ನಗು. 'ಅಯ್ಯೋ, ಎಲ್ರಿಗೂ ಹಂಗೇ ಅನ್ನೋರು. ಡ್ರಮ್ಮು ಬಾರ್ಸೋ ಚಿಕ್ಕಣ್ಣಂಗೂ ಅಂದಿದ್ರು. ಇನ್ನೇನ್ಮಾಡೋದಪ್ಪ, ಇದ್ದಬದ್ದ ಹುಡುಗ್ರೆಲ್ಲ ಹಾರೋಹಳ್ಳಿಗೆ ಓಡೋಗ್ತಿದ್ರು. ಸಾಲು ತುಂಬ್ಬೇಕಲ್ಲ?'

ಕಾಫಿ ಆರುತ್ತಿತ್ತು. ಆ ಬೆನ್ನು ಗೋಡೆಯ ಕಡೆ ಅಷ್ಟು ಹೊತ್ತು ಯಾಕೆ ನಿಂತಿತ್ತು ಅಂತ ಆಗ ಗೊತ್ತಾಯಿತು. ವಾದ್ಯ ಕೇಳುತ್ತಾರೆ ಅಂತ ನಾವು ತಿಳಿದಿದ್ದೆವು. ಅವರು ಕೇಳುತ್ತಿದ್ದುದು ಊದುವವನನ್ನು. ಟ್ರಂಬೋನಿನ ತೀರ್ಪನ್ನು ಎಲ್ಲರೆದುರು ಹೇಳಿದರು. ನನ್ನ ತೀರ್ಪನ್ನು ಹೆಂಡತಿಗೆ ಹೇಳಿ ನನಗೆ ಮುಚ್ಚಿಟ್ಟರು. ಬರೀ ಮುಚ್ಚಿಟ್ಟಿದ್ದರೆ ಹೋಗಲಿ ಅನ್ನಬಹುದಿತ್ತು. ಅದರ ಜಾಗದಲ್ಲಿ ಒಂದು ಹೊಗಳಿಕೆ ಇಟ್ಟು, ನನ್ನ ಬದುಕನ್ನೇ ತಮ್ಮ ಸಾಲು ತುಂಬಿಸಲು ಹಿಡಿದುಕೊಂಡರು. ಟ್ರಂಬೋನಿಗಾಗಿ ಸುಳ್ಳು ಹೇಳಿದ್ದರೆ ಒಬ್ಬ ಆಸೆಬುರುಕ ಅಂದುಕೊಂಡು ಕ್ಷಮಿಸಿಬಿಡಬಹುದಿತ್ತು.

ಸಿಟ್ಟಿಗೆ ಬೂಚು ಕಿತ್ತು, ಸ್ಲೈಡು ಸೇರಿಸಿ ಊದಿದೆ. ಎದೆ ನೋಯುವ ಹಾಗೆ ಊದಿದೆ. ಆ ಅಮ್ಮ ಲೋಟ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಗಾಳಿ ಬಂತು, ಒಂದು ಸ್ವರ ಏಳಲು ನೋಡಿತು, ಒಡೆಯಿತು.

'ಬುಡಪ್ಪ' ಅಂದರು ತಿರುಗದೆಯೇ, ಮೆತ್ತಗೆ. 'ಅದು ಅವರಿಗೇ ಬತ್ತಿತ್ತು.'

ಸಂಜೆ ಕಲ್ಯಕ್ಕೆ ಬಂದೆ. ಅವ್ವ ಜಗಲಿಯ ಮೇಲೆ ಕಾಯುತ್ತಿದ್ದಳು. ಗಂಟು ಬಿಚ್ಚಿ, ಸೆರಗಿನಲ್ಲಿ ಒರೆಸಿ, ಮೊದಲು ಆ ತಗ್ಗನ್ನು ಹುಡುಕಿ ಬೆರಳಿಟ್ಟಳು. ಆಮೇಲೆ ಕೇಳಿದಳು, 'ಜೀವ ಐತಾ?'

'ಇಲ್ಲ ಅವ್ವ. ಗಾಳಿ ಸೋರ್ತೈತೆ. ನಾನೇ ಬೂಚು ಹಾಕಿ ನೋಡ್ದೆ. ಆವತ್ತೂ ಹಂಗೇ ಇತ್ತಂತೆ.'

ಅವ್ವ ನನ್ನ ಮುಖ ನೋಡಿದಳು. ಅವಳ ಮುಖದಿಂದ ಯಾವುದೋ ಭಾರ ಇಳಿದ ಹಾಗಿತ್ತು.

'ಹಂಗಾರೆ ಅವ್ರು ನಿಜಾನೇ ಹೇಳಿದ್ರು ಅನ್ನು. ಸುಮ್ಸುಮ್ನೆ ಬೈಕಂಡಿದ್ವಲ್ಲ ಮಗ ಇಷ್ಟು ದಿನ. ನಾಳೆ ಗುಡೀಲಿ ಅವ್ರ ಹೆಸರಲ್ಲಿ ಒಂದು ಕಾಯಿ ಒಡ್ಸು. ನಿನ್ನ ಅಷ್ಟು ಮೆಚ್ಚಿದ್ದೋರು, ಮೋಸ ಮಾಡ್ತಾರಾ?'

ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಾ, 'ಆಗ್ಲಿ ಕಣವ್ವ' ಅಂದೆ.